ಸಭೆಯ ಹಿರಿಯರ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸ್ವತಂತ್ರ ಕ್ರೈಸ್ತ ಸಭೆ. ಸುಮಾರು 60 ಮನೆ, ಹೆಚ್ಚಿನವರು ಎಸ್ಟೇಟ್ ಕೆಲಸದವರು. ಹೆಸರಿಗೆ ಐದು ಜನ ಹಿರಿಯರಿದ್ದಾರೆ, ಆದರೆ ನಡೆಯುವುದು ಒಬ್ಬರದೇ ಮಾತು. ಸಭೆಯ ಜಾಗ ಅವರ ತಂದೆ ಕೊಟ್ಟದ್ದು. ಕಳೆದ ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಕೇಳಿದ್ದಕ್ಕೆ ನನ್ನ ತಮ್ಮನಿಗೆ ಕರ್ತನ ಭೋಜನ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ನಿಲ್ಲಿಸಿದ್ದಾರೆ. ಅವನ ಮದುವೆಗೆ ಪತ್ರವನ್ನೂ ಕೊಡುವುದಿಲ್ಲ ಅನ್ನುತ್ತಿದ್ದಾರೆ. ಪಾಸ್ಟರನ್ನು ಕೇಳಿದರೆ, ‘ಇಬ್ರಿಯ 13:17 ಓದಿಕೊಳ್ಳಮ್ಮ, ಹಿರಿಯರಿಗೆ ಅಧೀನರಾಗಿರಬೇಕು’ ಅನ್ನುತ್ತಾರೆ. ಹಿರಿಯರಿಗೆ ನಿಜವಾಗಿ ಎಷ್ಟು ಅಧಿಕಾರ ಇದೆ? ನಾವೇನು ಮಾಡಬಹುದು?

ಉತ್ತರ: ಸಹೋದರಿ, ಮೊದಲು ನಿಮ್ಮ ತಮ್ಮನ ವಿಷಯ. ನಡೆದದ್ದು ನೀವು ಬರೆದಷ್ಟೇ ಆಗಿದ್ದರೆ, ಆ ಶಿಸ್ತುಕ್ರಮಕ್ಕೆ ಆಧಾರವಿಲ್ಲ. ಲೆಕ್ಕ ಕೇಳುವುದು ಪಾಪಗಳ ಯಾವ ಪಟ್ಟಿಯಲ್ಲೂ ಇಲ್ಲ. ಒಬ್ಬರನ್ನು ಕರ್ತನ ಭೋಜನದಿಂದ ದೂರ ಇಡುವ ಅಧಿಕಾರ ಸಭೆಗೆ ಇದೆ ಎಂಬುದು ನಿಜ. ಆದರೆ ಅದು ಒಬ್ಬ ಹಿರಿಯರ ಜೇಬಿನಲ್ಲಿರುವ ಅಧಿಕಾರವಲ್ಲ, ಮತ್ತು ತನ್ನ ಮೇಲೇ ದೂರು ಬಂದಿರುವಾಗ ದೂರು ಕೊಟ್ಟವನ ಮೇಲೆ ಬಳಸುವಂಥದ್ದಂತೂ ಅಲ್ಲವೇ ಅಲ್ಲ.

ಪಾಸ್ಟರ್ ಹೇಳಿದ ವಚನವನ್ನು ಪೂರ್ತಿ ಓದಿ. ಸಭಾನಾಯಕರ ಮಾತು ಕೇಳಿ, ಅಧೀನರಾಗಿರಿ ಎಂಬುದು ಅದರ ಅರ್ಧ ಭಾಗ. ಅವರು ನಿಮ್ಮ ಆತ್ಮಗಳನ್ನು ಕಾಯುವವರು, ಅದಕ್ಕಾಗಿ ಲೆಕ್ಕ ಒಪ್ಪಿಸಬೇಕಾದವರು ಎಂಬುದು ಇನ್ನರ್ಧ. ಅಧೀನತೆಗೆ ಕಾರಣವಾಗಿ ಕೊಟ್ಟಿರುವುದೇ ಈ ಎರಡನೆಯ ಮಾತು. ಲೆಕ್ಕ ಕೊಡಲು ಒಪ್ಪದವರು ಮೊದಲ ಅರ್ಧವನ್ನು ಮಾತ್ರ ಹಿಡಿದುಕೊಂಡು ಕೂರಲಾಗದು. ಅಲ್ಲಿ ‘ನಾಯಕರು’ ಎಂದು ಬಹುವಚನದಲ್ಲಿ ಇರುವುದನ್ನೂ ಗಮನಿಸಿ. ಹೊಸ ಒಡಂಬಡಿಕೆಯಲ್ಲಿ ಒಂದು ಊರಿನ ಸಭೆಯ ಹಿರಿಯರ ಮಾತು ಬಂದಲ್ಲೆಲ್ಲ ಹೆಚ್ಚುಕಡಿಮೆ ಹೀಗೇ ಇದೆ. ಪೌಲ ಬಾರ್ನಬರು ಲುಸ್ತ್ರ, ಇಕೋನ್ಯ, ಅಂತಿಯೋಕ್ಯಗಳ ಪ್ರತಿ ಸಭೆಯಲ್ಲೂ ಹಿರಿಯರನ್ನು ನೇಮಿಸಿದರು (ಅಪೊಸ್ತಲರ ಕೃತ್ಯಗಳು 14:23). ಕ್ರೇತ ದ್ವೀಪದಲ್ಲಿ ಊರೂರಿಗೆ ಹಿರಿಯರನ್ನು ನೇಮಿಸು ಎಂದು ತೀತನಿಗೆ ಹೇಳಿದೆ (ತೀತ 1:5). ರೋಗಿಯೊಬ್ಬ ಸಭೆಯ ಹಿರಿಯರನ್ನು ಕರೆಸಲಿ ಎನ್ನುತ್ತಾನೆ ಯಾಕೋಬ (5:14). ಒಬ್ಬನೇ ಮುಂದೆ ನಿಂತು ಎಲ್ಲವನ್ನೂ ಆಳಿದ ಉದಾಹರಣೆಯೂ ಒಂದಿದೆ, 3 ಯೋಹಾನ 9–10ರ ದಿಯೊತ್ರೇಫ. ಪ್ರಮುಖನಾಗಬೇಕೆಂಬ ಆಸೆ, ಬಂದವರನ್ನು ಸೇರಿಸಿಕೊಳ್ಳದಿರುವುದು, ಸೇರಿಸಿಕೊಳ್ಳುವವರನ್ನು ಸಭೆಯಿಂದಲೇ ಹೊರಗೆ ಹಾಕುವುದು. ಆ ಎರಡು ವಚನ ಓದಿದ ಮೇಲೆ ನಿಮ್ಮ ಸಭೆಯ ಚಿತ್ರ ನಿಮಗೇ ಹೊಳೆಯಬಹುದು.

ಹಾಗಾದರೆ ಹಿರಿಯರ ಕೆಲಸ ಏನು? ಪೌಲ ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ ಮಾತಾಡಿದ ಭಾಗ (ಕೃತ್ಯಗಳು 20:17–38) ಇದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ಉತ್ತರ. ಹಿಂಡನ್ನು ಕಾಯಿರಿ, ಮೊದಲು ನಿಮ್ಮ ವಿಷಯದಲ್ಲೇ ಎಚ್ಚರವಾಗಿರಿ ಎನ್ನುತ್ತಾನೆ. ಹೊರಗಿನಿಂದ ತೋಳಗಳು ಬರುತ್ತವೆ, ನಿಮ್ಮೊಳಗಿಂದಲೂ ಕೆಲವರು ಎದ್ದು ಜನರನ್ನು ತಮ್ಮ ಹಿಂದೆ ಎಳೆದುಕೊಳ್ಳುತ್ತಾರೆ ಎನ್ನುತ್ತಾನೆ. ಕೊನೆಗೆ, ನಾನು ಯಾರ ಬೆಳ್ಳಿ ಬಂಗಾರಕ್ಕೂ ಆಸೆಪಡಲಿಲ್ಲ, ಈ ಕೈಗಳೇ ದುಡಿದವು ಎಂದು ಹೇಳುತ್ತಾನೆ. ಅಂದರೆ ಬೋಧನೆ, ಕಾವಲು, ಬಡವರ ಆರೈಕೆ, ಹಣದಲ್ಲಿ ಶುದ್ಧ ಕೈ. ಪೇತ್ರ ತನ್ನನ್ನೂ ಜೊತೆ ಹಿರಿಯ ಎಂದು ಕರೆದುಕೊಂಡು, ಬಲವಂತದಿಂದಲ್ಲ, ನೀಚ ಲಾಭಕ್ಕಲ್ಲ, ದೊರೆತನ ಮಾಡುವುದಕ್ಕಲ್ಲ ಎಂದು ಮೂರು ಬೇಲಿ ಹಾಕುತ್ತಾನೆ (1 ಪೇತ್ರ 5:1–4).

ಇದು ನಮ್ಮ ಸೀಮೆಗೆ ಹೊಸದೇನಲ್ಲ. ಹಾಸನದ ಕಡೆಯ ಹಳೆಯ ಸಭೆಗಳು ಹಲವು ವೆಸ್ಲಿಯನ್ ಮಿಷನ್ನಿನಿಂದ ಬಂದವು. ಆ ಪರಂಪರೆಯಲ್ಲಿ ಕ್ಲಾಸ್ ಲೀಡರ್ ಎಂಬ ಕೆಲಸ ಹುಟ್ಟಿದ ರೀತಿ ಸ್ವಾರಸ್ಯದ್ದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬ ವಾರಕ್ಕೊಮ್ಮೆ ಮನೆಗೆ ಹೋಗಿ ತಲೆಗೆ ಒಂದು ಪೆನ್ನಿ ಎತ್ತಿಕೊಂಡು ಬರಬೇಕು ಎಂದಾಯಿತು. ಹಣಕ್ಕೆ ಹೋದವರು ಹಿಂತಿರುಗಿ ಬಂದು, ಆ ಮನೆಯಲ್ಲಿ ಕುಡಿತ, ಈ ಮನೆಯಲ್ಲಿ ಜಗಳ, ಇನ್ನೊಂದರಲ್ಲಿ ಕಾಯಿಲೆ ಎಂದು ಹೇಳತೊಡಗಿದರು. ತಾನು ಬಹಳ ದಿನದಿಂದ ಹುಡುಕುತ್ತಿದ್ದ ದಾರಿ ಇದೇ ಎಂದು ಆ ಪರಂಪರೆಯ ಸ್ಥಾಪಕ ಜಾನ್ ವೆಸ್ಲಿಗೆ ಅನಿಸಿತು. ಹೀಗೆ ವಸೂಲಿಗೆ ಹೊರಟದ್ದು ಆತ್ಮಗಳ ಆರೈಕೆಯ ಕೆಲಸವಾಯಿತು. ಇವತ್ತು ಎಷ್ಟೋ ಸಭೆಗಳಲ್ಲಿ ಇದು ತಿರುಗುಮುರುಗಾಗಿ, ಆರೈಕೆಗೆ ಆರಿಸಿದ ಹಿರಿಯರು ವಸೂಲಿಗೆ ನಿಂತಿದ್ದಾರೆ.

ನಿಮ್ಮಲ್ಲಿ 60 ಮನೆ, ಐದು ಹಿರಿಯರು. ಒಬ್ಬರಿಗೆ ಹನ್ನೆರಡು ಮನೆ ಬರುತ್ತದೆ. ಎರಡು ತಿಂಗಳಿಗೊಮ್ಮೆಯಾದರೂ ಪ್ರತಿ ಮನೆಗೆ ಭೇಟಿ ಎಂದರೆ ತಿಂಗಳಿಗೆ ಆರು ಮನೆ, ಯಾರಿಗೂ ಭಾರವಲ್ಲ. ಹೋಗುವಾಗ ಇಬ್ಬರು ಹೋಗಬೇಕು. ಗಂಡಸರಿಲ್ಲದ ಹೊತ್ತಿನಲ್ಲಿ ಒಬ್ಬಂಟಿ ಹೆಣ್ಣುಮಗಳ ಮನೆಗೆ ಒಬ್ಬರೇ ಹೋಗುವುದು ಬೇಡ, ಬೇಕಾದರೆ ಹೆಂಡತಿಯನ್ನೋ ಸಭೆಯ ಹಿರಿಯ ಹೆಂಗಸರೊಬ್ಬರನ್ನೋ ಕರೆದುಕೊಂಡು ಹೋಗಲಿ. ಅಲ್ಲಿ ಕೇಳಿದ್ದು ಹಿರಿಯರ ಸಭೆಗೂ ಹೋಗಬಾರದು, ಪ್ರಾರ್ಥನೆಯ ಹೆಸರಿನಲ್ಲಿ ವಾಟ್ಸಾಪ್ ಗುಂಪಿಗೂ ಹೋಗಬಾರದು. ನಿಮ್ಮ ಹಿರಿಯರಲ್ಲಿ ಎಷ್ಟು ಜನ ಕಳೆದ ವರ್ಷ ಎಷ್ಟು ಮನೆ ಮೆಟ್ಟಿಲು ಹತ್ತಿದ್ದಾರೆ ಎಂದು ಎಣಿಸಿ ನೋಡಿ. ಅವರ ಅಧಿಕಾರ ಎಲ್ಲಿಂದ ಬರಬೇಕಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕಾಯಿಲೆಯವರ ಬಗ್ಗೆ ಒಂದು ಮಾತು, ಏಕೆಂದರೆ ಅಧಿಕಾರ ಹದ್ದು ಮೀರುವುದು ಇಲ್ಲೇ ಹೆಚ್ಚು. ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು, ಅದು ಅವರ ಕೆಲಸ. ಮಾತ್ರೆ ಬಿಡಿ ಎನ್ನುವುದು ಅವರ ಕೆಲಸವಲ್ಲ. ಟಿಬಿಗೆ ಆರು ತಿಂಗಳು ತಪ್ಪದೆ ನುಂಗಬೇಕಾದ ಮಾತ್ರೆಯನ್ನು ‘ನಂಬಿಕೆಯಿಂದ’ ಎರಡನೇ ತಿಂಗಳಿಗೆ ನಿಲ್ಲಿಸಿದರೆ ರೋಗ ಮದ್ದಿಗೆ ಬಗ್ಗದ ಹಾಗೆ ತಿರುಗಿಬೀಳುತ್ತದೆ. ಎನ್.ಆರ್.ಪುರ, ಕೊಪ್ಪದ ಕಡೆ ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಹತ್ತಿದರೆ ಮಂಗನ ಕಾಯಿಲೆಯ ಶಂಕೆ ಇದ್ದೇ ಇರುತ್ತದೆ. ಪ್ರಾರ್ಥನೆ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಆಗಲಿ.

ಎಲ್ಲಾ ಪಂಗಡಗಳಲ್ಲೂ ‘ಹಿರಿಯರು’ ಎಂದರೆ ಒಂದೇ ಅಲ್ಲ, ಹಾಗಾಗಿ ನೀವು ಬೇರೆ ಸಭೆಯವರನ್ನು ಕೇಳಿದರೆ ಬೇರೆ ಬೇರೆ ಉತ್ತರ ಬರುತ್ತದೆ. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ಕಥೋಲಿಕ ಚರ್ಚುಗಳಲ್ಲಿ ಪಾಲನಾ ಪರಿಷತ್ತು ಗುರುಗಳಿಗೆ ಸಲಹೆ ಕೊಡುವ ಮಂಡಳಿ, ತೀರ್ಮಾನದ ಅಧಿಕಾರ ಅದಕ್ಕಿಲ್ಲ. ಆದರೆ 1983ರ ಚರ್ಚ್ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐನಲ್ಲಿ ಬಿಷಪ್, ಸಭಾಪಾಲಕರು, ಡೀಕನ್ ಎಂಬ ಮೂರು ದೀಕ್ಷಿತ ಸೇವೆಗಳಿವೆ. ಸದಸ್ಯರು ಆರಿಸಿದ ಪಾಸ್ಟರೇಟ್ ಕಮಿಟಿ ಅವರೊಡನೆ ಕೆಲಸ ಮಾಡುತ್ತದೆ, ತಕರಾರು ಬಂದರೆ ಬಿಷಪ್ಪರ ಆಡಳಿತವಾದ ಡಯಾಸಿಸ್‌ವರೆಗೆ ಹೋಗಲು ದಾರಿ ಇದೆ. ಪ್ರೆಸ್ಬಿಟೇರಿಯನ್ ಪರಂಪರೆಯಲ್ಲಿ ಬೋಧಿಸುವ ಹಿರಿಯರು, ಆಡಳಿತ ನೋಡುವ ಹಿರಿಯರು ಎಂದು ಎರಡು ಬಗೆ. ಇದರ ಬೇರು 1541ರಲ್ಲಿ ಸುಧಾರಕ ಕ್ಯಾಲ್ವಿನ್ ಜಿನೀವಾಕ್ಕೆ ಬರೆದುಕೊಟ್ಟ ಸಭಾ ನಿಯಮಗಳಲ್ಲಿದೆ. ಅಲ್ಲಿ ಹನ್ನೆರಡು ಜನ ಹಿರಿಯರು ಪಾಲಕರ ಜೊತೆ ವಾರಕ್ಕೊಮ್ಮೆ ಗುರುವಾರ ಸೇರುತ್ತಿದ್ದರು, ಒಬ್ಬರ ತೀರ್ಪು ಎಂಬುದೇ ಇರಲಿಲ್ಲ. ಬ್ರದರನ್ ಸಭೆಗಳಲ್ಲಿ ದೀಕ್ಷಿತ ಪಾಸ್ಟರೇ ಇಲ್ಲ, ಹಿರಿಯರೇ ಎಲ್ಲ. ಹೆಂಗಸರು ಹಿರಿಯರಾಗಬಹುದೇ ಎಂಬುದರಲ್ಲೂ ಹೀಗೇ. ಸಿಎಸ್‌ಐ 2013ರಲ್ಲಿ ಮಹಿಳೆಯೊಬ್ಬರನ್ನು ಬಿಷಪ್ ಆಗಿಯೇ ಅಭಿಷೇಕಿಸಿತು, ಬ್ರದರನ್ನರು ಹೆಂಗಸರು ಉಪದೇಶಿಸಬಾರದೆಂಬ 1 ತಿಮೊಥೆಯ 2ನ್ನು ತೋರಿಸಿ ಒಪ್ಪುವುದಿಲ್ಲ.

ನಿಮ್ಮದು ಸ್ವತಂತ್ರ ಸಭೆ, ಕಷ್ಟ ಇರುವುದೇ ಅಲ್ಲಿ. ಮೇಲೆ ಬಿಷಪ್ ಇಲ್ಲ, ಹಲವು ಸಭೆಗಳ ಹಿರಿಯರು ಕೂಡುವ ಪ್ರೆಸ್ಬಿಟರಿಯೂ ಇಲ್ಲ. ತಪ್ಪಾದರೆ ತಡೆಯುವುದಕ್ಕೆ ಉಳಿಯುವುದು ಎರಡೇ, ವಾಕ್ಯ ಮತ್ತು ನಿಮ್ಮ ಸಭೆಯ ಟ್ರಸ್ಟ್ ಡೀಡ್ ಅಥವಾ ಬೈಲಾ. ಆ ಕಾಗದದ ಪ್ರತಿ ಎಷ್ಟು ಜನರ ಹತ್ತಿರ ಇದೆ? ಹೆಚ್ಚಿನ ಕಡೆ ಅದು ಹಿರಿಯರೊಬ್ಬರ ಮನೆಯ ಗಾಡ್ರೆಜ್ ಬೀರುವಿನಲ್ಲಿರುತ್ತದೆ. ಟ್ರಸ್ಟ್ ಡೀಡ್ ಆದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸೊಸೈಟಿ ಆಗಿದ್ದರೆ ಸಂಘಗಳ ನೋಂದಣಾಧಿಕಾರಿಯ ಬಳಿ ಬೈಲಾ ಇರುತ್ತದೆ. ಮೊದಲ ಕೆಲಸವೇ ಆ ನಕಲು ತರಿಸುವುದು. ಹಿರಿಯರ ಅವಧಿ ಎಷ್ಟು, ಕೋರಂ ಎಷ್ಟು, ಮಹಾಸಭೆ ಯಾವಾಗ, ಸದಸ್ಯತ್ವ ತೆಗೆಯುವ ವಿಧಾನ ಏನು ಎಂಬ ನಾಲ್ಕು ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ.

ಜಾಗದ ವಿಷಯವನ್ನೂ ಈಗಲೇ ಬಿಡಿಸಿಕೊಳ್ಳಿ. ‘ನಮ್ಮ ಅಪ್ಪ ಕೊಟ್ಟ ಜಾಗ’ ಎಂಬ ಮಾತು ಎರಡು ರೀತಿಯದ್ದಾಗಿರಬಹುದು. ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ದಾನಪತ್ರ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು (1882ರ ಆಸ್ತಿ ವರ್ಗಾವಣೆ ಕಾಯ್ದೆ, ಕಲಂ 123). ಅಂಥ ಪತ್ರ ಸಭೆಯ ಹೆಸರಿಗೆ ಆಗಿದ್ದರೆ ಕೊಟ್ಟವರ ಮಕ್ಕಳಿಗೆ ಅದರ ಮೇಲೆ ಹಕ್ಕಿಲ್ಲ, ಹಿರಿಯರ ಕುರ್ಚಿಯಂತೂ ದಾನಪತ್ರದ ಜೊತೆ ಬರುವುದಿಲ್ಲ. ಬರೀ ಬಾಯಿಮಾತಿನ ದಾನವಾಗಿದ್ದರೆ ಪಹಣಿ ಇಂದಿಗೂ ಆ ಕುಟುಂಬದ ಹೆಸರಿನಲ್ಲೇ ಇರುತ್ತದೆ. ಆಗ ಅವರು ಹೆದರಿಸುವುದು ಬರೀ ಬೆದರಿಕೆಯಲ್ಲ, ನಾಳೆ ಬೀಗ ಹಾಕಿದರೂ ಹಾಕಿದರೇ. ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ನೋಡಿ, ಗ್ರಾಮಠಾಣೆಯ ಜಾಗವಾದರೆ ಪಂಚಾಯಿತಿಯಲ್ಲಿ ಇ-ಸ್ವತ್ತು ಕೇಳಿ. ತೋಟದ ಜಾಗವಾದರೆ ಭೂ ಪರಿವರ್ತನೆ ಆಗಿದೆಯೇ ಎಂಬುದನ್ನೂ ನೋಡಬೇಕು. ಯಾರೊಡನೆ ಯಾವ ದನಿಯಲ್ಲಿ ಮಾತಾಡಬೇಕು ಎಂಬುದು ಇದರ ಮೇಲೆ ನಿಂತಿದೆ.

ಈಗ ಹಣ. ಸುಗ್ಗಿ ಹಬ್ಬದ ಹರಾಜು ಗೊತ್ತಿರುವವರಿಗೆ ಜಗಳ ಎಲ್ಲಿ ಹುಟ್ಟುತ್ತದೆ ಎಂಬುದೂ ಗೊತ್ತು. ಕಾಫಿ, ಮೆಣಸು, ಬಾಳೆಗೊನೆ, ಕೋಳಿ ತಂದಿಡುತ್ತಾರೆ, ಉತ್ಸಾಹದಲ್ಲಿ ಕೂಗುತ್ತಾರೆ, ಒಂದು ಕೋಳಿ ಎರಡು ಸಾವಿರಕ್ಕೆ ಹೋಗುತ್ತದೆ. ಚಪ್ಪಾಳೆ ಆಗುತ್ತದೆ. ದುಡ್ಡು ಮಾತ್ರ ‘ಬಟವಾಡೆ ಆದ ಮೇಲೆ’. ವೇದಿಕೆಯಲ್ಲಿ ಘೋಷಿಸಿದ ಮೊತ್ತಕ್ಕೂ ಬ್ಯಾಂಕಿಗೆ ಹೋದ ಮೊತ್ತಕ್ಕೂ ನಡುವಿನ ವ್ಯತ್ಯಾಸ ಕಳ್ಳತನವೇ ಆಗಿರಬೇಕೆಂದಿಲ್ಲ, ಬಹಳ ಸಲ ಅದು ಬಾಕಿ. ಆ ಬಾಕಿದಾರರಲ್ಲಿ ಹಿರಿಯರೂ ಇರುತ್ತಾರೆ, ಲೆಕ್ಕ ಹೊರಬರದಿರುವುದಕ್ಕೆ ಅಸಲಿ ಕಾರಣವೂ ಅದೇ ಇರಬಹುದು. ಹಾಗಾಗಿ ‘ಕದ್ದಿದ್ದಾರೆ’ ಎನ್ನುವ ಮೊದಲು ಹರಾಜು ಪುಸ್ತಕ ಕೇಳಿ. ಅದರಲ್ಲಿ ವಸ್ತು, ಕೊಟ್ಟವರು, ಕೂಗಿದವರು, ಮೊತ್ತ, ನಗದೋ ಫೋನ್‌ಪೇಯೋ ಬಾಕಿಯೋ ಎಂದು ಐದು ಕಾಲಂ ಇರಬೇಕು. ಪುಸ್ತಕವೇ ಇಲ್ಲ ಎಂದಾದರೆ ಈ ವರ್ಷದಿಂದ ಇಡಲಿ, ಒಂದು ತಿಂಗಳಲ್ಲಿ ಬಾಕಿ ಪಟ್ಟಿಯನ್ನು ಓದಲಿ, ಹಿರಿಯರ ಬಾಕಿ ಮೊದಲು ಓದಲಿ.

ವಾರದ ಕಾಣಿಕೆಗೆ ಇನ್ನೂ ಸರಳ. ಆರಾಧನೆ ಮುಗಿದ ಕೂಡಲೇ, ಚೀಲ ಕಟ್ಟಡದಿಂದ ಹೊರಗೆ ಹೋಗುವ ಮೊದಲು, ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು. ಐನೂರರ ನೋಟು ಎಷ್ಟು, ನೂರರದು ಎಷ್ಟು, ಚಿಲ್ಲರೆ ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಬ್ಯಾಂಕಿಗೆ ಕಟ್ಟಬೇಕು. ಚೆಕ್ಕಿಗೆ ಎರಡು ಸಹಿ, ಆ ಇಬ್ಬರೂ ಅಣ್ಣತಮ್ಮಂದಿರೋ ಮಾವ ಅಳಿಯನೋ ಆಗಿರಬಾರದು. ತಿಂಗಳ ಮೊದಲ ಭಾನುವಾರ ಒಂದು ಹಾಳೆ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಗೋಡೆಗೆ ಅಂಟಿಸಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆ ನೋಡಿ. ಟ್ರಸ್ಟಿನ ಹೆಸರು ಬಾರದೆ ಪಾಸ್ಟರದೋ ಹಿರಿಯರ ಮಗನದೋ ಬಂದರೆ ಆ ಕಾಣಿಕೆ ಕಾನೂನಿನ ಕಣ್ಣಲ್ಲಿ ಅವರ ಸ್ವಂತ ಖಾತೆಗೆ ಬಿದ್ದ ದುಡ್ಡು. ಹೊರದೇಶದಿಂದ ಹಣ ಬರುತ್ತಿದ್ದರೆ ಇನ್ನೂ ಗಂಭೀರ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಇದೆಲ್ಲ ಅಪನಂಬಿಕೆ ಅಲ್ಲವೇ ಎಂದು ಹಿರಿಯರು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಅವರಿಗೆ 2 ಕೊರಿಂಥ 8:20–21 ಓದಿ ಹೇಳಿ. ಯೆರೂಸಲೇಮಿನ ಬಡವರ ಹಣ ಒಯ್ಯುವಾಗ ಅಪೊಸ್ತಲನಾದ ಪೌಲನೇ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗೆ ಕಳುಹಿಸಿದ.

ಶಿಸ್ತುಕ್ರಮಕ್ಕೆ ಬರೋಣ. ಮತ್ತಾಯ 18:15–17ರ ಕ್ರಮ ಎಲ್ಲರಿಗೂ ಬಾಯಿಪಾಠ, ನಡೆಸುವವರು ಕಡಿಮೆ. ಮೊದಲು ಒಬ್ಬೊಬ್ಬರೇ, ಆಮೇಲೆ ಇಬ್ಬರು ಮೂವರು, ಆಮೇಲೆ ಸಭೆ. ನಿಮ್ಮ ತಮ್ಮನಿಗೆ ಇವುಗಳಲ್ಲಿ ಯಾವುದಾದರೂ ನಡೆಯಿತೇ? ಆರೋಪ ಏನೆಂದು ಬರೆದು ಕೊಟ್ಟರೇ? ಅವನ ಮಾತು ಕೇಳಿದರೇ? ಎಷ್ಟು ಕಾಲಕ್ಕೆ ಎಂದು ಹೇಳಿದರೇ? ಸರಿಯಾದ ಶಿಸ್ತುಕ್ರಮದಲ್ಲಿ ಈ ನಾಲ್ಕೂ ಇರಬೇಕು. ಆರೋಪ ಬಹಿರಂಗವಾದ, ಬಿಡದೆ ಮುಂದುವರಿಸುತ್ತಿರುವ ಪಾಪದ್ದಾಗಿರಬೇಕು ಅಥವಾ ಸುಳ್ಳು ಬೋಧನೆಯದ್ದಾಗಿರಬೇಕು. ಜಗಳದ ಒಂದು ಪಕ್ಷದಲ್ಲಿರುವ ಹಿರಿಯರು ಆ ದಿನ ಎದ್ದು ಹೊರಗೆ ಹೋಗಬೇಕು. ಮೂರು ತಿಂಗಳಿಗೋ ಆರು ತಿಂಗಳಿಗೋ ಮತ್ತೆ ನೋಡುವ ದಿನ ಗೊತ್ತು ಮಾಡಬೇಕು, ಏಕೆಂದರೆ ಗುರಿ ಹಿಂದಕ್ಕೆ ಕರೆದುಕೊಳ್ಳುವುದು. ಕೊರಿಂಥದಲ್ಲಿ ಬಹುಮಂದಿ ಶಿಕ್ಷೆ ಕೊಟ್ಟಿದ್ದಾರೆ, ಅದು ಸಾಕು, ಈಗ ಕ್ಷಮಿಸಿ ಧೈರ್ಯ ಹೇಳಿ ಎಂದು ಪೌಲ ಬರೆದ (2 ಕೊರಿಂಥ 2:6–8). ‘ಬಹುಮಂದಿ’ ಎಂಬುದನ್ನೂ ಗಮನಿಸಿ.

ಹಿರಿಯರ ಮೇಲೆ ದೂರು ಬಂದರೆ? ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಎನ್ನುತ್ತದೆ 1 ತಿಮೊಥೆಯ 5:19. ಇದು ಅವರಿಗೆ ಕೊಟ್ಟ ನ್ಯಾಯವಾದ ರಕ್ಷಣೆ, ನಿಮ್ಮ ಕಡೆಯವರೂ ಮರೆಯಬಾರದು. ಆದರೆ ಮರುವಚನದಲ್ಲೇ, ಪಾಪ ಬಿಡದವರನ್ನು ಎಲ್ಲರ ಮುಂದೆ ಗದರಿಸು ಎಂದಿದೆ. ಅದರ ಮುಂದಿನ ವಚನ ಪಕ್ಷಪಾತ ಬೇಡ ಎನ್ನುತ್ತದೆ. ಈ ಮೂರನ್ನು ಒಟ್ಟಿಗೆ ಓದಬೇಕು.

ಎಸ್ಟೇಟ್ ಸಭೆಗಳಲ್ಲಿ ಒಂದು ವಿಶೇಷ ತೊಡಕು ಇದೆ. ವಾರವಿಡೀ ಕೆಲಸ ಹಂಚುವ ಮೇಸ್ತ್ರಿಯೇ ಭಾನುವಾರ ಹಿರಿಯ. ಅವರ ವಿರುದ್ಧ ಕೈ ಎತ್ತಿದರೆ ಸೋಮವಾರ ದೂರದ ಬ್ಲಾಕಿಗೆ ಹಾಕುತ್ತಾರೆ, ಓವರ್‌ಟೈಮ್ ಸಿಗುವುದಿಲ್ಲ, ಲೈನ್ ಮನೆ (ಕೂಲಿಕಾರರ ಸಾಲುಮನೆ) ರಿಪೇರಿ ಆಗುವುದಿಲ್ಲ. ಇಂಥ ಕಡೆ ಸಭೆಯ ಮತ ಎಂಬುದೇ ಸುಳ್ಳಾಗುತ್ತದೆ. ಮೇಸ್ತ್ರಿ ಹಿರಿಯನಾಗಬಾರದು ಎಂದಲ್ಲ. ತನ್ನ ಕೈಕೆಳಗಿನ ಆಳುಗಳ ಶಿಸ್ತಿನ ವಿಷಯದಲ್ಲಿ ಅವರು ಕೂರಬಾರದು, ಹಿರಿಯರ ಆಯ್ಕೆ ಚೀಟಿಯಲ್ಲಿ ಗುಟ್ಟಾಗಿ ಆಗಬೇಕು. ಐವರೂ ಒಂದೇ ಭಾಷೆಯವರು, ಒಂದೇ ಬಂಧುಬಳಗದವರು ಆಗಿರುವ ಕಡೆಯೂ ಹೀಗೇ. ಕನ್ನಡ, ತಮಿಳು, ತುಳು ಆಡುವವರು ಒಟ್ಟಿಗೆ ಕೂರುವ ಸಭೆಯಲ್ಲಿ ಹಿರಿಯರ ಬೆಂಚಿನಲ್ಲೂ ಅದು ಕಾಣಬೇಕು. ಒಂದು ಮನೆಯಿಂದ ಇಬ್ಬರು ಬೇಡವೇ ಬೇಡ.

ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಹತ್ತು ವರ್ಷದ ಜಗಳ ಹುಟ್ಟುವುದೂ ತಪ್ಪುವುದೂ ಇಲ್ಲೇ. 1 ತಿಮೊಥೆಯ 3 ಮತ್ತು ತೀತ 1ರ ಪಟ್ಟಿಯಲ್ಲಿ ಹಣವಂತನಾಗಿರಬೇಕು ಎಂದಿಲ್ಲ, ಜಾಗ ಕೊಟ್ಟಿರಬೇಕು ಎಂದಿಲ್ಲ. ಬೋಧಿಸಲು ಬರಬೇಕು ಎಂಬುದೊಂದು ಬಿಟ್ಟರೆ ಮಿಕ್ಕದ್ದೆಲ್ಲ ನಡತೆ. ಹೆಸರು ಸೂಚಿತವಾದ ಮೇಲೆ ಮೂರು ಭಾನುವಾರ ಪ್ರಕಟಿಸಿ. ಆಕ್ಷೇಪ ಇದ್ದವರು ಸಹಿ ಹಾಕಿ ಬರೆದು ಕೊಡಲಿ, ಹೆಸರಿಲ್ಲದ ಪತ್ರ ಬಂದರೆ ಹರಿದು ಹಾಕಿ. ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಬೇಕು ಎಂಬ ಮಾತನ್ನು (3:7) ಎಲ್ಲರೂ ಹಾರಿಸಿಬಿಡುತ್ತಾರೆ, ಪರೀಕ್ಷಿಸುವುದಕ್ಕೆ ಅತ್ಯಂತ ಸುಲಭವಾದದ್ದೂ ಅದೇ. ಊರಿನ ಕಿರಾಣಿ ಅಂಗಡಿಯವರನ್ನು, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು, ಹೆಂಡತಿಯ ಸ್ವಸಹಾಯ ಸಂಘದವರನ್ನು ಕೇಳಿ. ಅಂಗಡಿಯವನ ಉದ್ದರಿ ಪುಸ್ತಕದಲ್ಲಿ ಎರಡು ವರ್ಷದಿಂದ ತೀರದ ಸಾಲ ಇದ್ದು, ಬೀದಿ ಬದಲಿಸಿ ಓಡಾಡುವವನ ಕೈಗೆ ಕಾಣಿಕೆ ಚೀಲ ಕೊಡಬಾರದು. ಸಾಲ ಇರುವುದು ತಪ್ಪಲ್ಲ, ಬಡವರೂ ಒಳ್ಳೆಯ ಹಿರಿಯರಾಗುತ್ತಾರೆ. ಮುಖ ತಪ್ಪಿಸುವುದು ಬೇರೆ. ಹೊಸದಾಗಿ ನಂಬಿದವರು ಬೇಡ (3:6), ಆತುರದಿಂದ ಹಸ್ತ ಇಡುವುದೂ ಬೇಡ (5:22). ಅವಧಿ ಮೂರು ವರ್ಷ, ಎರಡು ಅವಧಿಯಾದ ಮೇಲೆ ಒಂದು ವರ್ಷ ಬಿಡುವು ಎಂದು ಬೈಲಾದಲ್ಲಿ ಬರೆಯಿರಿ. ಅವಧಿಯ ಲೆಕ್ಕ ಬೈಬಲಿನಲ್ಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ಇಲ್ಲ, ನಿಜ. ಆದರೆ ಇಪ್ಪತ್ತು ವರ್ಷ ಒಬ್ಬರೇ ಕೂತ ಕುರ್ಚಿಯಿಂದ ಎಬ್ಬಿಸುವುದು ಎಷ್ಟು ಕಷ್ಟ ಎಂಬುದು ನಿಮಗೀಗ ಗೊತ್ತಾಗಿದೆ.

ಪಾಸ್ಟರ್ ಸುಮ್ಮನಿರುವುದಕ್ಕೆ ಅವರನ್ನೇ ಬೈಯಬೇಡಿ. ಅವರ ಸಂಬಳ ಆ ಹಿರಿಯರ ಕೈಯಿಂದ ಕವರಿನಲ್ಲಿ ಬರುತ್ತಿದೆಯೇ ಎಂದು ನೋಡಿ. ಹಾಗಿದ್ದರೆ ಅವರ ಬಾಯಿ ಕಟ್ಟಿದೆ. ಚೆನ್ನಾಗಿ ನಡೆಸುವ, ವಿಶೇಷವಾಗಿ ಬೋಧಿಸುವ ಹಿರಿಯರಿಗೆ ಇಮ್ಮಡಿ ಮಾನ (1 ತಿಮೊಥೆಯ 5:17) ಎಂಬುದರಲ್ಲಿ ಕೂಲಿಯ ಮಾತೂ ಇದೆ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಟ್ರಸ್ಟ್ ಖಾತೆಯಿಂದ ಅವರ ಖಾತೆಗೆ ನೇರವಾಗಿ ಹೋಗುವಂತೆ ಮಾಡಿ. ಪ್ರಸಂಗದ ದನಿ ಅಲ್ಲಿಂದಲೇ ಬದಲಾಗಬಹುದು.

ಮದುವೆ ಪತ್ರಕ್ಕೆ ಹೆದರಬೇಡಿ. ಅದು ಸಭೆಯೊಳಗಿನ ಪರಿಚಯಪತ್ರ, ಕಾನೂನಿನ ಅನುಮತಿಯಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಪರವಾನಗಿ ಇರುವ ಬೇರೆ ಪಾಸ್ಟರ್ ಮದುವೆ ಮಾಡಿಸಬಹುದು, ಅದೇ ಕಾಯ್ದೆಯ ವಿವಾಹ ನೋಂದಣಾಧಿಕಾರಿಯ ಮುಂದೆ ಆಗಬಹುದು. ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸ್ ಕೊಟ್ಟು ಆಗಬಹುದು. ಪರವಾನಗಿ ಇಲ್ಲದ ಹಿರಿಯರೇ ನಿಂತು ಮದುವೆ ಮಾಡಿಸಿದರೆ ಆ ಕಾಯ್ದೆಯಲ್ಲಿ ಹತ್ತು ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಅದು ಗೊತ್ತಿಲ್ಲದೆ ಮದುವೆ ನಡೆಸಿಕೊಡುವವರು ಇದ್ದಾರೆ, ನಿಮ್ಮ ಪಾಸ್ಟರ ಪರವಾನಗಿಯನ್ನೂ ಒಮ್ಮೆ ನೋಡಿಕೊಳ್ಳಿ. ಹಾಗೆಯೇ ಗಂಡಹೆಂಡಿರನ್ನು ಹಿರಿಯರು ಕೂತು ‘ಬಿಡಿಸಿದರೆ’ ಅದು ವಿಚ್ಛೇದನವಾಗುವುದಿಲ್ಲ. ಚರ್ಚ್ ನ್ಯಾಯಮಂಡಳಿಯ ತೀರ್ಪು ಕೂಡ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ.

ಮಕ್ಕಳ ಮೇಲಿನ ದೌರ್ಜನ್ಯದ ವಿಷಯದಲ್ಲಿ ಹಿರಿಯರಿಗೆ ‘ಒಳಗೇ ಮುಗಿಸುವ’ ಅಧಿಕಾರ ಸ್ವಲ್ಪವೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಕಲಂ 19ರ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಮತ್ತಾಯ 18ನ್ನು ಇಲ್ಲಿ ಎಳೆದು ತರಬಾರದು.

ಇನ್ನು ನೀವು ಮಾಡಬೇಕಾದದ್ದು. ಫೇಸ್‌ಬುಕ್ಕಿಗೂ ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬೇಡಿ, ಸಾಬೀತಾಗದ ಕಳ್ಳತನದ ಮಾತು ಮಾನನಷ್ಟ ಮೊಕದ್ದಮೆಗೆ ದಾರಿ. ನಿಮ್ಮ ತಮ್ಮ ಮೊದಲು ಆ ಹಿರಿಯರ ಮನೆಗೆ ಒಬ್ಬನೇ ಹೋಗಲಿ. ಲೆಕ್ಕ ಕೇಳಿದ ದನಿ ಒರಟಾಗಿದ್ದರೆ ಅದಕ್ಕೆ ಕ್ಷಮೆ ಕೇಳಲಿ, ಲೆಕ್ಕ ಕೇಳಿದ್ದಕ್ಕಲ್ಲ. ಆಗದಿದ್ದರೆ ಇನ್ನೊಬ್ಬ ಹಿರಿಯರನ್ನೂ ಸಭೆಯಲ್ಲಿ ಮಾನ ಇರುವ ಒಬ್ಬರನ್ನೂ ಕರೆದುಕೊಂಡು ಮತ್ತೆ ಹೋಗಲಿ. ಮೂರನೆಯದು ಪತ್ರ. ಹತ್ತು ಹದಿನೈದು ಮನೆಯವರು ಸಹಿ ಹಾಕಿ ಐದೂ ಹಿರಿಯರಿಗೆ ಕೊಡಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಪತ್ರದಲ್ಲಿ ಮೂರೇ ಕೋರಿಕೆ ಇರಲಿ. ಹರಾಜಿನ ಲೆಕ್ಕ, ನಿಮ್ಮ ತಮ್ಮನ ಮೇಲಿನ ಆರೋಪ ಬರಹದಲ್ಲಿ, ಮಹಾಸಭೆಯ ದಿನಾಂಕ. ಹಳೆಯ ಕತೆಗಳನ್ನೆಲ್ಲ ಅದಕ್ಕೆ ತುರುಕಿದರೆ ಉತ್ತರ ಕೊಡದಿರಲು ಅವರಿಗೇ ನೆಪ ಸಿಗುತ್ತದೆ. 30 ದಿನ ಕಾಯಿರಿ.

ಉತ್ತರ ಬರದಿದ್ದರೆ ಎರಡೂ ಕಡೆಯವರು ಒಪ್ಪುವ, ಚಿಕ್ಕಮಗಳೂರಿನದೋ ಹಾಸನದೋ ಬೇರೆ ಸಭೆಯ ಇಬ್ಬರು ಹಿರಿಯರನ್ನು ಮಧ್ಯಸ್ಥಿಕೆಗೆ ಕೂರಿಸಿ. ಬಿಷಪ್ ಇಲ್ಲದ ಸಭೆಗೆ ಇದೇ ಮೇಲ್ಮನವಿ. ಯೆರೂಸಲೇಮಿನ ಸಭೆಯಲ್ಲಿ (ಕೃತ್ಯಗಳು 15) ಅಂತಿಯೋಕ್ಯದ ಜಗಳ ಹೀಗೇ ಹೊರಗಿನ ಹಿರಿಯರ ಮುಂದೆ ಹೋಗಿ ಬಗೆಹರಿಯಿತು. ಅದೂ ಆಗದಿದ್ದರೆ ಕಾನೂನಿನ ದಾರಿ ಇದೆ. ಸೊಸೈಟಿಯಾದರೆ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟಾಗ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು (ಕಲಂ 25). ಸಾರ್ವಜನಿಕ ಟ್ರಸ್ಟಾದರೆ ಹಿತಾಸಕ್ತಿ ಇರುವ ಇಬ್ಬರು ಕೋರ್ಟಿನ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಕಲಂ 92ರಡಿ ದಾವೆ ಹೂಡಬಹುದು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಬಾರದೆಂಬ 1 ಕೊರಿಂಥ 6 ಓದಿದವರು ಹಿಂಜರಿಯುತ್ತಾರೆ, ಹಿಂಜರಿಯಬೇಕಾದದ್ದೇ. ನನ್ನ ಅಭಿಪ್ರಾಯ ಇಷ್ಟು: ಎಲ್ಲರ ಕಾಣಿಕೆಯ ಆಸ್ತಿ ಕೈತಪ್ಪುತ್ತಿದ್ದರೆ ಕೋರ್ಟಿಗೆ ಹೋಗಬಹುದು, ಕರ್ತನ ಭೋಜನ ಕೊಡಿಸಿ ಎಂದು ಹೋಗಬಾರದು. ಬೇರೆ ಪ್ರಾರ್ಥನಾ ಮನೆ ಶುರುಮಾಡುವ ಆಲೋಚನೆ ಇದ್ದರೆ ಅದನ್ನೂ ಸದ್ಯಕ್ಕೆ ಬಿಡಿ. ಮಲೆನಾಡಿನಲ್ಲಿ ಒಂದೇ ಲೈನಿಗೆ ಎರಡು ಮೂರು ಪ್ರಾರ್ಥನಾ ಮನೆ ಎದ್ದಿರುವುದು ಹೆಚ್ಚಾಗಿ ಇಂಥ ಜಗಳಗಳಿಂದಲೇ, ಹೊಸದರಲ್ಲೂ ಬೈಲಾ ಇರುವುದಿಲ್ಲ.

ಮಹಾಸಭೆಯ ದಿನವನ್ನು ನೋಡಿ ಇಡಿ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು, ಜನ ಸೇರುವುದಿಲ್ಲ, ಬಂದವರು ತೂಕಡಿಸುತ್ತಾರೆ. ಜೂನ್ ದಾಟಿದರೆ ಮಳೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಆಡಿಟ್ ಮಾಡಿಸಿ ಮೇ ಎರಡನೇ ಭಾನುವಾರ ಇಟ್ಟರೆ ಸರಿ. ಬೈಲಾದಲ್ಲಿ ಎಷ್ಟು ದಿನದ ನೋಟಿಸ್ ಎಂದಿದೆಯೋ ಅಷ್ಟು ದಿನ ಮೊದಲೇ ಮನೆಮನೆಗೆ ಮುಟ್ಟಲಿ, ಬರೀ ಆರಾಧನೆಯಲ್ಲಿ ಓದಿದರೆ ಸಾಲದು. ಲೆಕ್ಕದ ಹಾಳೆಯ ನಕಲನ್ನು ನೋಟಿಸಿನ ಜೊತೆಗೇ ಕೇಳಿ. ಅಂದು ಬೆಳಿಗ್ಗೆ ಕೈಗೆ ಕೊಟ್ಟರೆ ಓದಿ ಪ್ರಶ್ನೆ ಕೇಳಲು ಯಾರಿಗೂ ಸಮಯ ಸಿಗುವುದಿಲ್ಲ.